ಎಮೋಟಿಕಾನ್‌ಗಳ ಎಣಿಕೆ: ಒಂದು ಕೋಡ್ ಗಾಲ್ಫ್ ಸವಾಲನ್ನು ನಾನು ಬಿಡಿಸಿದ ಬಗೆ

ಒಂದು ಸಾಲಿನ ಪಠ್ಯವನ್ನು ಕೊಟ್ಟರೆ ಅದರಲ್ಲಿ ಎಷ್ಟು ಎಮೋಟಿಕಾನ್‌ಗಳಿವೆ ಎಂದು ಹೇಳುವ ಪ್ರೋಗ್ರಾಂ ಬರೆಯಬೇಕು, ಆ ಪ್ರೋಗ್ರಾಂ ಸಾಧ್ಯವಾದಷ್ಟು ಕಡಿಮೆ ಬೈಟ್‌ಗಳಲ್ಲಿ ಮುಗಿಯಬೇಕು (ಇಲ್ಲಿ ಒಂದು ಚಿಹ್ನೆಗೆ ಒಂದು ಬೈಟ್) ಎಂಬುದು ಸವಾಲಾಗಿತ್ತು. ಹೀಗೆ ಅತಿ ಚಿಕ್ಕ ಕೋಡ್ ಬರೆಯುವ ಸ್ಪರ್ಧೆಯೇ ಕೋಡ್ ಗಾಲ್ಫ್. ಇಲ್ಲಿ ಎಮೋಟಿಕಾನ್ ಎಂದರೆ ಚಿತ್ರರೂಪದ ಎಮೋಜಿಯಲ್ಲ. ಕೀಲಿಮಣೆಯ ಸಾಮಾನ್ಯ ಚಿಹ್ನೆಗಳನ್ನೇ ಜೋಡಿಸಿ ಮಾಡಿದ, ತಲೆಯನ್ನು ಪಕ್ಕಕ್ಕೆ ವಾಲಿಸಿ ನೋಡಬೇಕಾದ ಮುಖ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಅವರು 1982ರ ಸೆಪ್ಟೆಂಬರ್ 19ರಂದು ತಮಾಷೆಯ ಮಾತನ್ನು ಗುರುತಿಸಲು :-) ಮತ್ತು ಹಾಗಲ್ಲದ್ದನ್ನು ಗುರುತಿಸಲು :-( ಬಳಸೋಣವೆಂದು ಸೂಚಿಸಿದಾಗ ಆ ಮುಖಗಳಿಗೆ ಮೂಗು ಇತ್ತು. ಈಗ ಮೂಗಿಲ್ಲದ ರೂಪವೇ ಹೆಚ್ಚು ಬಳಕೆಯಲ್ಲಿರುವುದರಿಂದ ಸವಾಲಿನಲ್ಲಿ ಮೂಗನ್ನು ಐಚ್ಛಿಕವೆಂದು ಇಟ್ಟಿದ್ದರು. ಕಣ್ಣು : ; = ಎಂಬ ಮೂರರಲ್ಲಿ ಒಂದು, ಮೂಗು ಇದ್ದರೆ - ಅಥವಾ ^, ಬಾಯಿ ( ) [ ] ಎಂಬ ನಾಲ್ಕರಲ್ಲಿ ಒಂದು. ಮೂಗಿಲ್ಲದಿರುವುದನ್ನೂ ಸೇರಿಸಿದರೆ ಒಟ್ಟು 36 ಮುಖಗಳಾಗುತ್ತವೆ.

ಕೋಡ್ ಬರೆಯುವ ಮೊದಲು ನಾನು ಕಾಗದದ ಮೇಲೆ ಒಂದು ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಂಡೆ: ಎರಡು ಮುಖಗಳು ಒಂದೇ ಚಿಹ್ನೆಯನ್ನು ಹಂಚಿಕೊಳ್ಳಲು ಸಾಧ್ಯವೇ? ಕಣ್ಣಿನ ಗುಂಪಿನಲ್ಲಿರುವ ಯಾವ ಚಿಹ್ನೆಯೂ ಮೂಗಿನ ಗುಂಪಿನಲ್ಲಾಗಲಿ ಬಾಯಿಯ ಗುಂಪಿನಲ್ಲಾಗಲಿ ಇಲ್ಲ. ಪ್ರತಿ ಮುಖವೂ ಕಣ್ಣಿನಿಂದ ಆರಂಭವಾಗಿ ಬಾಯಿಯಲ್ಲಿ ಮುಗಿಯುತ್ತದೆ. ಆದ್ದರಿಂದ ಒಂದು ಮುಖ ಮುಗಿಯುವ ಮೊದಲು ಇನ್ನೊಂದು ಆರಂಭವಾಗಲಾರದು. ಎಡದಿಂದ ಬಲಕ್ಕೆ ಹುಡುಕುತ್ತಾ, ಸಿಕ್ಕಿದ್ದನ್ನು ದಾಟಿ ಮುಂದುವರಿಯುವ ಸಾಮಾನ್ಯ ರೆಜೆಕ್ಸ್ (ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು ಚಿಹ್ನೆಗಳಲ್ಲಿ ಬರೆಯುವ ಕ್ರಮ) ಹುಡುಕಾಟ ಇಲ್ಲಿ ಒಂದನ್ನೂ ಬಿಡುವುದಿಲ್ಲ ಎಂಬ ಖಾತ್ರಿ ಇಷ್ಟರಿಂದಲೇ ಸಿಗುತ್ತದೆ. ಕಡಿಮೆ ಬೈಟ್‌ಗಳ ಕೋಡ್ ಬರೆಯುವವರು ಈ ಹೆಜ್ಜೆಯನ್ನು ಎಂದಿಗೂ ಬಿಡಬಾರದೆಂದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮುಂದೆ ಒಂದೊಂದೇ ಬೈಟ್ ತೆಗೆಯುವಾಗ ಏನನ್ನು ತೆಗೆದರೆ ಉತ್ತರ ಕೆಡುವುದಿಲ್ಲ ಎಂದು ತಿಳಿಸುವುದು ಈ ಖಾತ್ರಿಯೇ.

ರೆಜೆಕ್ಸ್‌ನ ಮೊದಲ ರೂಪವನ್ನು ಎಲ್ಲ ವಿಶೇಷ ಚಿಹ್ನೆಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಇಟ್ಟು ಬರೆದೆ: [:;=][\-\^]?[\[\]\(\)]. ಚೌಕಾವರಣದ ಗುಂಪು ಎಂದರೆ ಅದರೊಳಗಿನ ಚಿಹ್ನೆಗಳಲ್ಲಿ ಯಾವುದಾದರೂ ಒಂದು, ? ಎಂದರೆ ಅದರ ಹಿಂದಿನದು ಐಚ್ಛಿಕ, ಬ್ಯಾಕ್‌ಸ್ಲ್ಯಾಶ್ ಎಂದರೆ ಮುಂದಿನ ಚಿಹ್ನೆಗೆ ವಿಶೇಷಾರ್ಥವಿಲ್ಲ. ಇದು 22 ಬೈಟ್. ಚೌಕಾವರಣದ ಒಳಗೆ ದುಂಡಾವರಣಕ್ಕೆ ಯಾವ ವಿಶೇಷಾರ್ಥವೂ ಇಲ್ಲವಾದ್ದರಿಂದ ಅಲ್ಲಿ ಬ್ಯಾಕ್‌ಸ್ಲ್ಯಾಶ್ ಬೇಡ. ಹೈಫನ್ ಮೊದಲು ಅಥವಾ ಕೊನೆಯಲ್ಲಿದ್ದರೆ ಅದು ವ್ಯಾಪ್ತಿಯನ್ನು (ಒಂದು ಚಿಹ್ನೆಯಿಂದ ಇನ್ನೊಂದರವರೆಗಿನ ಎಲ್ಲವನ್ನೂ) ಸೂಚಿಸದೆ ಬರಿಯ ಹೈಫನ್ ಆಗಿಯೇ ಉಳಿಯುತ್ತದೆ. ^ ಮೊದಲಲ್ಲದಿದ್ದರೆ ನಿಷೇಧವನ್ನು (ಗುಂಪಿನಲ್ಲಿಲ್ಲದ ಚಿಹ್ನೆ ಎಂಬುದನ್ನು) ಸೂಚಿಸುವುದಿಲ್ಲ. ಹೀಗಾಗಿ [-^] ಎಂಬ ಒಂದೇ ಕ್ರಮ ಎರಡೂ ಚಿಹ್ನೆಗಳ ಸಮಸ್ಯೆಯನ್ನು ಒಟ್ಟಿಗೆ ಪರಿಹರಿಸುತ್ತದೆ. ಮುಚ್ಚುವ ಚೌಕಾವರಣವನ್ನು ಗುಂಪಿನ ಮೊದಲ ಸ್ಥಾನದಲ್ಲಿ ಇಟ್ಟರೆ ಅದೂ ಬರಿಯ ಚಿಹ್ನೆಯೇ. ಕೊನೆಗೆ ಉಳಿದದ್ದು [:;=][-^]?[][()] ಎಂಬ 16 ಬೈಟ್. ಬ್ಯಾಕ್‌ಸ್ಲ್ಯಾಶ್ ಒಂದೂ ಇಲ್ಲದ್ದರಿಂದ ಪೈಥಾನ್‌ನಲ್ಲಿ ಉದ್ಧರಣ ಚಿಹ್ನೆಯ ಮುಂದೆ ಆರ್ ಅಕ್ಷರವನ್ನು (ಬ್ಯಾಕ್‌ಸ್ಲ್ಯಾಶನ್ನು ಇದ್ದಂತೆಯೇ ಓದು ಎಂಬ ಗುರುತನ್ನು) ಸೇರಿಸುವ ಅಗತ್ಯವೂ ತಪ್ಪಿತು. ಕಣ್ಣಿನ ಗುಂಪನ್ನು [:-=] ಎಂಬ ವ್ಯಾಪ್ತಿಯಾಗಿ ಬರೆಯಬಹುದೇ ಎಂದೂ ನೋಡಿದೆ. ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಆಸ್ಕಿ ಕೋಷ್ಟಕದಲ್ಲಿ ಕೋಲನ್ 58, ಸೆಮಿಕೋಲನ್ 59, ಸಮ ಚಿಹ್ನೆ 61. ನಡುವಿನ 60ರಲ್ಲಿ < ಇರುವುದರಿಂದ ಆ ವ್ಯಾಪ್ತಿ ತಪ್ಪು ಉತ್ತರ ಕೊಡುತ್ತದೆ, ಜೊತೆಗೆ ಮೂರು ಚಿಹ್ನೆಗಳ ಗುಂಪನ್ನು ವ್ಯಾಪ್ತಿಯಾಗಿ ಬರೆದರೆ ಒಂದು ಬೈಟ್ ಕೂಡ ಉಳಿಯುವುದಿಲ್ಲ. ವ್ಯಾಪ್ತಿಯಿಂದ ಲಾಭ ಸಿಗುವುದು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಚಿಹ್ನೆಗಳು ಕೋಷ್ಟಕದಲ್ಲಿ ಸಾಲಾಗಿ ಇದ್ದಾಗ ಮಾತ್ರ.

ರೆಜೆಕ್ಸ್ ಇಷ್ಟಕ್ಕೆ ನಿಂತಿತು. ಈ ಸವಾಲಿನ ನಿಜವಾದ ಸ್ವಾರಸ್ಯ ಇರುವುದು ರೆಜೆಕ್ಸ್‌ನ ಸುತ್ತಲಿನ ಕೋಡ್‌ನಲ್ಲಿ. ಪೈಥಾನ್‌ನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು, ಫೈಂಡಾಲ್‌ನಿಂದ ಎಲ್ಲ ಮುಖಗಳ ಪಟ್ಟಿಯನ್ನು ಪಡೆದು ಅದರ ಉದ್ದವನ್ನು ಮುದ್ರಿಸುವುದು. ಮಾಡ್ಯೂಲ್ ತರಿಸುವ ಸಾಲೂ ಸೇರಿ ಅದು 60 ಬೈಟ್. ಆದರೆ ಪಟ್ಟಿಯನ್ನು ಕಟ್ಟಿ ಆಮೇಲೆ ಅಳೆಯುವುದು ಎರಡು ಕೆಲಸ. ಎಣಿಸುವ ಕೆಲಸವನ್ನು ಬೇರೆ ಯಾವುದಾದರೂ ಕ್ರಿಯೆ ತನ್ನಷ್ಟಕ್ಕೆ ಮಾಡಿಕೊಳ್ಳುತ್ತಿದೆಯೇ ಎಂದು ಹುಡುಕಿದಾಗ ಸಬ್‌ಎನ್ ಸಿಕ್ಕಿತು. ಅದು ಬದಲಾಯಿಸಿದ ಪಠ್ಯದ ಜೊತೆಗೆ ಎಷ್ಟು ಕಡೆ ಬದಲಾಯಿಸಿತು ಎಂಬ ಸಂಖ್ಯೆಯನ್ನೂ ಕೊಡುತ್ತದೆ. ಮುಖಗಳನ್ನು ಖಾಲಿ ಪಠ್ಯದಿಂದ ಬದಲಾಯಿಸಿ [1] ಎಂದು ಎರಡನೆಯ ಅಂಶವನ್ನು ಮಾತ್ರ ತೆಗೆದುಕೊಂಡಾಗ ಒಟ್ಟು 58 ಬೈಟ್ ಆಯಿತು. ಎರಡು ಬೈಟ್ ಎಂದರೆ ಹೊರಗಿನವರಿಗೆ ಅತ್ಯಲ್ಪವೆನಿಸಬಹುದು. ಆದರೆ ಕೋಡ್ ಗಾಲ್ಫ್‌ನಲ್ಲಿ ಒಂದೇ ಭಾಷೆಯ ಎರಡು ಉತ್ತರಗಳ ನಡುವಿನ ಅಂತರ ಹೆಚ್ಚಾಗಿ ಇಷ್ಟೇ ಇರುತ್ತದೆ, ಅದನ್ನು ತಂದುಕೊಡುವ ಆಲೋಚನೆ ಇನ್ನೊಂದು ಭಾಷೆಗೂ ಹೊಂದುತ್ತದೆ ಎಂಬುದೇ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಪರ್ಲ್‌ನಲ್ಲಿ ಆ ಆಲೋಚನೆ ಭಾಷೆಯೊಳಗೇ ಇದೆ. ಅಲ್ಲಿ ಎಸ್ ಎಂಬ ಬದಲಾವಣೆಯ ಕ್ರಿಯೆ ತಾನು ಮಾಡಿದ ಬದಲಾವಣೆಗಳ ಸಂಖ್ಯೆಯನ್ನೇ ಹಿಂದಿರುಗಿಸುತ್ತದೆ. ಆದರೆ ಒಂದು ಮುಖವೂ ಇಲ್ಲದ ಸಾಲಿನಲ್ಲಿ ಅದು ಸೊನ್ನೆಯ ಬದಲು ಖಾಲಿ ಪಠ್ಯವನ್ನು ಕೊಡುತ್ತದೆ. ಸೊನ್ನೆಯನ್ನೂ ಮುದ್ರಿಸಬೇಕೆಂಬ ನಿಯಮವಿದ್ದುದರಿಂದ ಮುಂದೆ 0+ ಸೇರಿಸಿ ಅದನ್ನು ಸಂಖ್ಯೆಯಾಗಿಸಿದೆ. ಪ್ರತಿ ಸಾಲನ್ನೂ ಓದಿ ಮುದ್ರಿಸುವ ಪಿ ಆಯ್ಕೆಯೊಡನೆ ಅದು 26 ಬೈಟ್. ಸವಾಲು ಹಲವು ಸಾಲುಗಳ ಪಠ್ಯದ್ದಾಗಿದ್ದರೆ $\ ಎಂಬ ಚರಾಂಶಕ್ಕೆ ಎಣಿಕೆಯನ್ನು += ಮೂಲಕ ಕೂಡಿಸುತ್ತಾ ಹೋಗಿ ಕೊನೆಯಲ್ಲಿ }{ ಇಡುವ ಹಳೆಯ ಉಪಾಯವಿದೆ. ಪಿ ಆಯ್ಕೆ ನಮ್ಮ ಕೋಡ್‌ನ ಸುತ್ತ ಹಾಕುವ ಲೂಪನ್ನು ಆ ಎರಡು ಚಿಹ್ನೆಗಳು ಮೊದಲೇ ಮುಚ್ಚಿಬಿಡುವುದರಿಂದ ಮುದ್ರಣವು ಎಲ್ಲ ಸಾಲುಗಳು ಮುಗಿದ ಮೇಲೆ ಒಂದೇ ಬಾರಿ ಆಗುತ್ತದೆ. ಕೂಡಿಸುವಾಗ ಖಾಲಿ ಪಠ್ಯವೂ ಸೊನ್ನೆಯಾಗುವುದರಿಂದ 0+ ಬೇಕಾಗುವುದಿಲ್ಲ, ಒಟ್ಟು 27 ಬೈಟ್.

ಜಾವಾಸ್ಕ್ರಿಪ್ಟ್‌ನಲ್ಲಿ ಹೊಂದಿಕೆಗಳ ಪಟ್ಟಿ ಕೊಡುವ ಮ್ಯಾಚ್ ಬಳಸಿದರೆ ಏನೂ ಸಿಗದಿದ್ದಾಗ ಅದು ನಲ್ (ಏನೂ ಇಲ್ಲ ಎಂಬ ಬೆಲೆ) ಕೊಡುತ್ತದೆ, ಅದನ್ನು ನಿಭಾಯಿಸಲು ಹೆಚ್ಚುವರಿ ಕೋಡ್ ಬೇಕು. ಸ್ಪ್ಲಿಟ್‌ಗೆ ಆ ತೊಂದರೆಯಿಲ್ಲ: ಪಠ್ಯವನ್ನು ಮುಖಗಳಿದ್ದಲ್ಲಿ ತುಂಡರಿಸಿ ತುಂಡುಗಳ ಸಂಖ್ಯೆಯಿಂದ ಒಂದನ್ನು ಕಳೆದರೆ ಮುಖಗಳ ಸಂಖ್ಯೆ ಬರುತ್ತದೆ. ಇಲ್ಲಿ ರೆಜೆಕ್ಸ್‌ನಲ್ಲಿ ಒಂದು ಬೈಟ್ ಹೆಚ್ಚು ಕೊಡಬೇಕಾಯಿತು, ಏಕೆಂದರೆ ಈ ಭಾಷೆಯಲ್ಲಿ [] ಎಂಬುದು ಯಾವುದಕ್ಕೂ ಹೊಂದದ ಖಾಲಿ ಗುಂಪು. ಬಾಯಿಯನ್ನು [[\]()] ಎಂದು ಬರೆಯಬೇಕು. ಫಂಕ್ಷನ್ ರೂಪದಲ್ಲಿ ಒಟ್ಟು 40 ಬೈಟ್.

ಆದೇಶಗಳನ್ನು ಟೈಪ್ ಮಾಡಿ ನಡೆಸುವ ಶೆಲ್‌ನಲ್ಲಿ, ಪಠ್ಯದೊಳಗೆ ಹುಡುಕುವ ಗ್ರೆಪ್ ಎಂಬ ಆದೇಶದ ಸಿ ಆಯ್ಕೆ ಎಣಿಸುವುದು ಸಾಲುಗಳನ್ನು, ಮುಖಗಳನ್ನಲ್ಲ. ಆದ್ದರಿಂದ ಓ ಆಯ್ಕೆಯಿಂದ ಪ್ರತಿ ಮುಖವನ್ನೂ ಬೇರೆ ಸಾಲಿಗೆ ಇಳಿಸಿ ಸಾಲುಗಳನ್ನು ಎಣಿಸುವ ಡಬ್ಲ್ಯುಸಿಗೆ ಒಪ್ಪಿಸಿದೆ, 33 ಬೈಟ್. ರೆಟಿನಾ ಎಂಬ, ರೆಜೆಕ್ಸ್‌ಗಾಗಿಯೇ ರೂಪಿಸಿದ ಭಾಷೆಯಲ್ಲಿ ಒಂದೇ ಸಾಲಿನ ಪ್ರೋಗ್ರಾಂ ಎಂದರೆ ಅದು ಹೊಂದಿಕೆಗಳ ಎಣಿಕೆ ಎಂದೇ ಅರ್ಥ. ಅಲ್ಲಿ ಆ 16 ಬೈಟ್‌ನ ರೆಜೆಕ್ಸ್ ತಾನೇ ಇಡೀ ಪ್ರೋಗ್ರಾಂ.

ಇಷ್ಟಾದ ಮೇಲೆ (-: ಎಂಬಂಥ ತಿರುಗಿದ ಮುಖಗಳನ್ನೂ ಸೇರಿಸಿದರೆ ಏನಾಗುತ್ತದೆಂದು ನಾನಾಗಿಯೇ ನಿಯಮವನ್ನು ಹಿಗ್ಗಿಸಿ ನೋಡಿದೆ. ಆಗ ಆರಂಭದ ಖಾತ್ರಿ ಮುರಿಯುತ್ತದೆ: (:) ಎಂಬಲ್ಲಿ ಎರಡು ಮುಖಗಳು ಒಂದೇ ಕಣ್ಣನ್ನು ಹಂಚಿಕೊಂಡಿವೆ, ಸಾಮಾನ್ಯ ಹುಡುಕಾಟ ಒಂದನ್ನೇ ಎಣಿಸುತ್ತದೆ. ಎರಡೂ ದಿಕ್ಕಿನ ರೂಪಗಳನ್ನು | ಚಿಹ್ನೆಯಿಂದ ಜೋಡಿಸಿ, ಇಡಿಯಾಗಿ (?= ) ಎಂಬ ಲುಕ್‌ಅಹೆಡ್‌ನೊಳಗೆ ಇಟ್ಟರೆ ಹುಡುಕಾಟವು ಚಿಹ್ನೆಗಳನ್ನು ನುಂಗದೆ, ಮುಖ ಆರಂಭವಾಗುವ ಸ್ಥಾನಗಳನ್ನು ಮಾತ್ರ ಗುರುತಿಸುತ್ತದೆ. ಯಾವುದೇ ಸ್ಥಾನದಿಂದ ಒಂದಕ್ಕಿಂತ ಹೆಚ್ಚು ಮುಖ ಆರಂಭವಾಗಲಾರದ್ದರಿಂದ ಈ ಎಣಿಕೆ ಸರಿಯಾದದ್ದೇ. ರೆಜೆಕ್ಸ್ 37 ಬೈಟ್ ಆಯಿತು. ಪೈಥಾನ್ 79ಕ್ಕೆ, ಪರ್ಲ್ 47ಕ್ಕೆ ಏರಿದರೂ ಎರಡರ ಉಳಿದ ಕೋಡ್ ಬದಲಾಗಲಿಲ್ಲ. ಗ್ರೆಪ್‌ನ ಓ ಆಯ್ಕೆ ಖಾಲಿ ಹೊಂದಿಕೆಗಳನ್ನು ಮುದ್ರಿಸುವುದೇ ಇಲ್ಲವಾದ್ದರಿಂದ ಆ ದಾರಿ ಅಲ್ಲಿಗೆ ಮುಚ್ಚಿತು. ಜಾವಾಸ್ಕ್ರಿಪ್ಟ್‌ನ ಸ್ಪ್ಲಿಟ್ ಪಠ್ಯದ ಮೊದಲ ಸ್ಥಾನದಲ್ಲಿನ ಖಾಲಿ ಹೊಂದಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಲಿನ ಆರಂಭದಲ್ಲೇ ಮುಖವಿದ್ದರೆ ಎಣಿಕೆ ಒಂದು ಕಡಿಮೆ ಬರುತ್ತದೆ. ಯಾವ ಗುಂಪಿಗೂ ಸೇರದ ಒಂದು ಅಂಕಿಯನ್ನು ಪಠ್ಯದ ಮುಂದೆ ಅಂಟಿಸಿ, ಅಂದರೆ 0+ ಬಳಸಿ ಆವರಣದಲ್ಲಿಟ್ಟು, ನಾಲ್ಕು ಬೈಟ್ ತೆತ್ತು ಅದನ್ನು ಸರಿಪಡಿಸಿದೆ. ಆ ರೂಪದ ಉದ್ದ 66 ಬೈಟ್.