ಸಿಗ್ಮಾಯ್ಡ್ ಸೈನಸ್ಸಿನ ಗೋಡೆ ಕಟ್ಟಿದ್ದು: ನನ್ನ ಅನುಭವ

"ಕಿವ್ಯಾಗ ಹಾವು ಬುಸುಗುಟ್ಟಿದಂಗ ಆಗ್ತೈತ್ರಿ ಸರ, ನಾಡಿ ಹೊಡದಂಗೆಲ್ಲಾ" ಎಂದು ಆ ಅಂಗನವಾಡಿ ಶಿಕ್ಷಕಿ ಹೇಳಿದಾಗ ಅವರ ಕೈಯಲ್ಲಿ 2 ವರ್ಷದ ಫೈಲಿತ್ತು. ಬಿ.ಪಿ. ಮಾತ್ರೆ, ತಲೆಸುತ್ತಿನ ಮಾತ್ರೆ, ನಿದ್ದೆ ಮಾತ್ರೆ, ಕೊನೆಗೆ ಮನೋವೈದ್ಯರಿಗೊಂದು ಚೀಟಿ. ಬಲಗಡೆ ಕುತ್ತಿಗೆಯ ಜುಗ್ಯುಲರ್ ಅಭಿಧಮನಿಯ (ತಲೆಯಿಂದ ರಕ್ತ ಇಳಿಯುವ ನಾಳದ) ಮೇಲೆ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿದೆ. "ಸದ್ದ ನಿಂತ್ ನೋಡ್ರಿ!" ಅಂದರು. ಬಿಟ್ಟೆ, ಮತ್ತೆ ಶುರು.

ಸಿ.ಟಿ. ರಿಪೋರ್ಟ್ 'ನಾರ್ಮಲ್' ಅಂದಿತ್ತು. ಸಿ.ಡಿ. ತೆರೆದು ನೋಡಿದರೆ ಸಿಗ್ಮಾಯ್ಡ್ ಸೈನಸ್ಸಿನ, ಅಂದರೆ ಮೆದುಳಿನ ರಕ್ತವನ್ನು ಕಿವಿಯ ಹಿಂದಿನಿಂದ ಕೆಳಗಿಳಿಸುವ ದೊಡ್ಡ ನಾಳದ, ಮೇಲೆ ಸುಮಾರು 5 ಮಿ.ಮೀ. ಎಲುಬೇ ಇಲ್ಲ. ಆ ಕಿಂಡಿಯಿಂದಲೇ ರಕ್ತ ಹರಿಯುವ ಸದ್ದು ಕಿವಿಗೆ ಕೇಳುತ್ತದೆ. ಅಂದಿನಿಂದ ಸಿ.ಡಿ. ನೋಡದೆ ರಿಪೋರ್ಟ್ ಓದಿದ್ದಿಲ್ಲ.

ಎಲುಬಿನ ಆ ಕಿಂಡಿ ಮುಚ್ಚುತ್ತೇನೆ ಅಂದಾಗ ಜೊತೆಯ ವೈದ್ಯರು ಯಾರೂ ಒಪ್ಪಲಿಲ್ಲ. "ಸೈನಸ್ ಹರಿದರೆ ಯಾರು ಹೊಣೆ? ಸ್ಟೆಂಟಿಗೆ ಕಳಿಸಿ" ಅಂದರು. ಸ್ಟೆಂಟ್ ಅಂದರೆ ಕಿರಿದಾದ ರಕ್ತನಾಳವನ್ನು ಒಳಗಿಂದ ಅಗಲಿಸುವ ಜಾಲರಿ ಕೊಳವೆ. ಅದಕ್ಕೆ ಶಿಕ್ಷಕಿಗೆ ಹೇಳಿದ್ದು ಹೆಚ್ಚುಕಡಿಮೆ 4 ಲಕ್ಷ. ಗಂಡ ಟೆಂಪೋ ಓಡಿಸುತ್ತಿದ್ದರು. ಮೇಲಾಗಿ ಶಿಕ್ಷಕಿಯ ವೆನೋಗ್ರಾಂನಲ್ಲಿ (ಅಭಿಧಮನಿಗಳ ಸ್ಕ್ಯಾನಿನಲ್ಲಿ) ಸೈನಸ್ ಎಲ್ಲೂ ಕಿರಿದಾಗಿರಲಿಲ್ಲ, ಸ್ಟೆಂಟ್ ಹಾಕುವುದಾದರೂ ಎಲ್ಲಿಗೆ?

ಕಿವಿಯ ಹಿಂದಿನ ಮಾಸ್ಟಾಯ್ಡ್ ಎಲುಬನ್ನು ತೆರೆದು ಡ್ರಿಲ್ಲಿನಲ್ಲಿ ಬಂದ ಎಲುಬಿನ ಪುಡಿಯನ್ನು ಫೇಶಿಯಾ (ಸ್ನಾಯುವಿನ ಮೇಲಿನ ತೆಳು ಪೊರೆ) ಜೊತೆ ಮೆತ್ತಿದೆ. ಮರುದಿನ ಬೆಳಿಗ್ಗೆ ಸದ್ದಿಲ್ಲ. 4 ತಿಂಗಳಿಗೆ ಮತ್ತೆ ಬಂದರು, ಸದ್ದೂ ಬಂದಿತ್ತು. ಬರೀ ಪುಡಿ ನಿಲ್ಲುವುದಿಲ್ಲ, ಕರಗಿ ಕುಸಿಯುತ್ತದೆ. ಎರಡನೇ ಸಲದ ಆಪರೇಷನ್ ಥಿಯೇಟರ್ (ಓ.ಟಿ.) ಖರ್ಚು ಸುಮಾರು 18 ಸಾವಿರ ನಾನೇ ಕೊಟ್ಟೆ.

ಇನ್ನೊಬ್ಬರಿಗೆ ಎಲುಬಿನ ಖನಿಜದಂಥ ಹೈಡ್ರಾಕ್ಸಿಅಪಟೈಟ್ ಸಿಮೆಂಟ್ ಹಾಕಿದೆ, ಪ್ಯಾಕ್ ಒಂದಕ್ಕೆ 20 ಸಾವಿರದ ಆಸುಪಾಸು. ಗಟ್ಟಿ ನಿಲ್ಲಲಿ ಅಂತ ಚೂರು ಜಾಸ್ತಿ ಒತ್ತಿದೆ. ಮೂರನೇ ದಿನ ತಲೆನೋವು, ಐದನೇ ದಿನ ಕಣ್ಣು ಮಂಜು. ಫಂಡಸ್ (ಕಣ್ಣಿನ ಹಿಂಭಾಗದ) ಪರೀಕ್ಷೆಯಲ್ಲಿ ದೃಷ್ಟಿನರದ ತುದಿ, ಅಂದರೆ ಡಿಸ್ಕ್, ಊದಿತ್ತು. ತಲೆಯೊಳಗೆ ಒತ್ತಡ ಏರಿದ ಗುರುತು ಅದು. ಎಂ.ಆರ್. ವೆನೋಗ್ರಾಂನಲ್ಲಿ ಹರಿವು ನೂಲಿನಷ್ಟು. ಅದೇ ರಾತ್ರಿ ಮತ್ತೆ ತೆರೆದು ಸಿಮೆಂಟ್ ಕಿತ್ತೆ. ದೃಷ್ಟಿ ಉಳಿಯಿತು. ಆಮೇಲೆ 6 ತಿಂಗಳು ಇಂಥ ಕೇಸಿಗೆ ಡ್ರಿಲ್ ಮುಟ್ಟಲಿಲ್ಲ.

ಮೂರನೆಯದು ನನ್ನ ಆತುರದ ಫಲ. ದಪ್ಪ ಮೈಯ ಹುಡುಗಿ, ವಯಸ್ಸು 26. ಗೋಡೆ ಚೆನ್ನಾಗಿಯೇ ಕೂತಿತ್ತು, ಸದ್ದು ಮಾತ್ರ ಅರ್ಧ ಉಳಿಯಿತು. ಆಮೇಲೆ ಎಲ್.ಪಿ. (ಬೆನ್ನಿಗೆ ಸೂಜಿ ಹಾಕಿ ಮೆದುಳಿನ ದ್ರವದ ಒತ್ತಡ ಅಳೆಯುವುದು) ಮಾಡಿಸಿದರೆ ಒತ್ತಡ 31 ಸೆಂ.ಮೀ., ಅಂದರೆ ಹೆಚ್ಚು. ಸಿಗ್ಮಾಯ್ಡ್‌ಗೆ ರಕ್ತ ತರುವ ಟ್ರಾನ್ಸ್‌ವರ್ಸ್ ಸೈನಸ್ ಎರಡೂ ಕಡೆ ಕಿರಿದು. ಒತ್ತಡ ಇಳಿಸುವ ಅಸೆಟಜೋಲಮೈಡ್ ಮಾತ್ರೆ, ತೂಕ ಇಳಿಸುವುದು, ಕೊನೆಗೆ ಸ್ಟೆಂಟೇ ಬೇಕಾಯಿತು. ಆ ಸ್ಟೆಂಟ್ ಅಲ್ಲಿ ಸರಿಯಾದ ಚಿಕಿತ್ಸೆಯೇ. ಫಂಡಸ್ ಮತ್ತು ವೆನೋಗ್ರಾಂ ಇಲ್ಲದೆ ಈಗ ಯಾರನ್ನೂ ಟೇಬಲ್ಲಿಗೆ ಹತ್ತಿಸುವುದಿಲ್ಲ.

ಮಧ್ಯೆ ಮಾಸ್ಟಾಯ್ಡ್ ಎಮಿಸರಿ ವೇನ್ (ಸಿಗ್ಮಾಯ್ಡ್ ಸೈನಸ್ಸಿನಿಂದ ಎಲುಬು ದಾಟಿ ಹೊರಬರುವ ಸಣ್ಣ ನಾಳ) ದಪ್ಪಗಿದ್ದ ಇಬ್ಬರಿಗೆ ಅದನ್ನೇ ಕಟ್ಟಿ ನೋಡಿದೆ. ಒಬ್ಬರಿಗೆ ಆ ಕ್ಷಣವೇ ನಿಂತಿತು, ಇನ್ನೊಬ್ಬರಿಗೆ ಏನೂ ಆಗಲಿಲ್ಲ. ಕಿವಿಯ ಹಿಂದೆ ಆ ಜಾಗವನ್ನೇ ಬೆರಳಲ್ಲಿ ಒತ್ತಿದಾಗ ಸದ್ದು ನಿಂತವರಿಗಷ್ಟೇ ಆ ದಾರಿ ಅಂತ ಈಗ ಇಟ್ಟುಕೊಂಡಿದ್ದೇನೆ.

ಇನ್ನೊಂದು ಪ್ರಯೋಗ, 150 ರೂಪಾಯಿಯ ಕಾಲರ್ ಮೈಕಿಗೆ ಇಯರ್‌ಫೋನಿನ ಸ್ಪಂಜ್ ಸುತ್ತಿ ಕಿವಿಯೊಳಗಿಟ್ಟು ರಾತ್ರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸುವುದು. ಹತ್ತರಲ್ಲಿ ಮೂರೋ ನಾಲ್ಕೋ ಜನರಲ್ಲಿ ಸದ್ದು ನಮಗೂ ಕೇಳಿಸಿತು. 'ಅನಗತ್ಯ ಚಿಕಿತ್ಸೆ' ಅಂತ ವಿಮೆಯವರು ತಿರಸ್ಕರಿಸಿದ್ದ ಒಂದು ಕ್ಲೇಮಿಗೆ ಮುಂಚಿನದು, ಆಮೇಲಿನದು ಎರಡೂ ರೆಕಾರ್ಡಿಂಗ್ ಲಗತ್ತಿಸಿದೆ. ಪಾಸಾಯಿತು.

ಈಗಿನ ಕ್ರಮ: ಮೊದಲು ಫೇಶಿಯಾ, ಅದರ ಮೇಲೆ ರೋಗಿಯದೇ ಕಾಂಕಾ ಕಾರ್ಟಿಲೇಜ್ (ಹೊರಗಿವಿಯ ಬಟ್ಟಲಿನ ಮೆದು ಎಲುಬು), ಮೇಲೆ ಎಲುಬಿನ ಪುಡಿ. ಸೈನಸ್ಸನ್ನು ಒಳಕ್ಕೆ ತಳ್ಳಬಾರದು. ಗೋಡೆ ಮೊದಲಿದ್ದ ಗೆರೆಯಲ್ಲೇ ನಿಲ್ಲಬೇಕು. ಒಪ್ಪಿದವರಿಗೆ ಎಚ್ಚರವಿರುವಂತೆಯೇ, ಲೋಕಲ್ ಅರಿವಳಿಕೆಯಲ್ಲೇ ಮಾಡುತ್ತೇನೆ, ಸದ್ದು ನಿಂತ ಕ್ಷಣ ಅವರೇ ಹೇಳುತ್ತಾರೆ. ಶಿಕ್ಷಕಿಗೆ ಎರಡನೇ ಸಲ ಹಾಗೆಯೇ ಮಾಡಿದ್ದು. ಕಾರ್ಟಿಲೇಜ್ ಕೂತೊಡನೆ ಹೊದಿಸಿದ ಬಟ್ಟೆಯೊಳಗಿಂದ "ಹೋತ್ರಿ ಸರ" ಎಂಬ ಮಾತು ಬಂತು. 5 ವರ್ಷ ಆಯಿತು, ಸದ್ದು ಮತ್ತೆ ಬಂದಿಲ್ಲ. ಒಟ್ಟು ಖರ್ಚು 60-65 ಸಾವಿರ ದಾಟುವುದಿಲ್ಲ.

ಇಲ್ಲಿಯವರೆಗೆ 16 ಕಿವಿ ಇರಬಹುದು, 12 ಪೂರ್ತಿ ಶಾಂತ. ಅಂದು ಬೇಡ ಅಂದವರೇ ಇಂದು ರೋಗಿಗಳನ್ನು ಕಳಿಸುತ್ತಾರೆ. ಕಾರ್ಟಿಲೇಜಿನ ಅಂಚನ್ನು ಎಷ್ಟು ತೆಳುಮಾಡಿ ಎಲುಬಿನ ತುಟಿಯಡಿ ಹೇಗೆ ಸಿಕ್ಕಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓ.ಟಿ.ಗೆ ಬಂದು ಪಕ್ಕದಲ್ಲಿ ನಿಂತವರಿಗೆ ತೋರಿಸುತ್ತೇನೆ.