ಕಳೆದ ಮಂಗಳವಾರ ಏನು ಮಾಡಿದಿರಿ?

ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ, ವಾಸ್ತುಶಿಲ್ಪಿ ಆಗುತ್ತೇನೆಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಚಿತ್ರ ಬಿಡಿಸುವುದು ಇಷ್ಟ, ಕಟ್ಟಡಗಳನ್ನು ನೋಡುವುದು ಇಷ್ಟ. ನನ್ನ ಬಳಿ ಇದ್ದ ಕಾರಣಗಳು ಇವೆರಡೇ. ಆ ಕೆಲಸ ಮಾಡುವ ಒಬ್ಬರೊಡನೆಯೂ ಮಾತನಾಡಿರಲಿಲ್ಲ. ಕಾಲೇಜಿಗೆ ಅರ್ಜಿ ಹಾಕುವ ಮೊದಲು ಆ ಕೊರತೆಯನ್ನು ತುಂಬಿಕೊಳ್ಳಬೇಕು ಅನ್ನಿಸಿತು.

ಮೊದಲು ಐದು ಜನರಿಗೆ ಉದ್ದನೆಯ ಪತ್ರ ಬರೆದೆ. ಅಂಕಗಳು, ಬಹುಮಾನಗಳು, ಕನಸುಗಳು ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ 'ದಯವಿಟ್ಟು ಮಾರ್ಗದರ್ಶನ ನೀಡಿ' ಎಂಬ ಕೋರಿಕೆ. ಯಾರೂ ಉತ್ತರಿಸಲಿಲ್ಲ. ಕೆಲಸದ ನಡುವೆ ಇರುವವರು ಅಂಥ ಕೋರಿಕೆಗೆ ಏನೆಂದು ಬರೆದಾರು? ಎರಡನೆಯ ಸಲ ನಾಲ್ಕೇ ಸಾಲು ಬರೆದೆ: ನಾನು ಯಾರು, ಏನು ತಿಳಿಯಬೇಕು, ಇಪ್ಪತ್ತು ನಿಮಿಷ ಸಾಕು, ಯಾವ ದಿನವಾದರೂ ಬರುತ್ತೇನೆ. ಆರು ಜನರಲ್ಲಿ ಮೂವರು ಒಪ್ಪಿದರು.

'ನಿಮ್ಮ ವೃತ್ತಿಯ ಬಗ್ಗೆ ಹೇಳಿ' ಎಂದು ಕೇಳಿದಾಗ ಮೊದಲನೆಯವರು ಭಾಷಣದಂಥ ಉತ್ತರ ಕೊಟ್ಟರು. ಹಾಗಾಗಿ ಉಳಿದಿಬ್ಬರಿಗೆ ಪ್ರಶ್ನೆಯನ್ನು ಬದಲಿಸಿದೆ: 'ಕಳೆದ ಮಂಗಳವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡಿದಿರಿ?' ಆಗ ನಿಜವಾದ ಕೆಲಸ ಹೊರಬಂತು. ಹಳೆಯ ನಕ್ಷೆಯ ತಿದ್ದುಪಡಿ, ಗುತ್ತಿಗೆದಾರರೊಡನೆ ಎರಡು ಗಂಟೆ ಫೋನು, ಅನುಮತಿ ಪತ್ರಗಳು. ಹೊಸದಾಗಿ ಚಿತ್ರ ಬಿಡಿಸಿದ್ದು ಅರ್ಧ ಗಂಟೆ. ವೃತ್ತಿಯ ಹುಡುಕಾಟದಲ್ಲಿರುವ ಯಾವ ವಿದ್ಯಾರ್ಥಿ ಸಿಕ್ಕರೂ ನಾನು ಈ ಪ್ರಶ್ನೆಯನ್ನೇ ಹೇಳಿಕೊಡುತ್ತೇನೆ.

ಮೂರನೆಯವರು ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡ ಬೀಳದೆ ನಿಲ್ಲುವಂತೆ ಲೆಕ್ಕ ಹಾಕುವವರು. ತಮ್ಮ ಕಚೇರಿಯಲ್ಲಿ ಹತ್ತು ದಿನ ಕುಳಿತು ನೋಡಲು ಅವರು ಬಿಟ್ಟರು. ಎರಡನೆಯ ದಿನ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಸ್ಕೇಲ್ ಕೊಟ್ಟು 'ಬಗ್ಗಿಸು' ಎಂದರು. ಅಗಲವಾಗಿ ಮಲಗಿಸಿ ಹಿಡಿದಾಗ ಸುಲಭವಾಗಿ ಬಾಗಿತು. ಅಂಚು ಮೇಲಾಗಿ ನಿಲ್ಲಿಸಿ ಒತ್ತಿದರೆ ಅಲುಗಲಿಲ್ಲ. ಪ್ಲಾಸ್ಟಿಕ್ ಅದೇ, ತೂಕವೂ ಅದೇ. ತೊಲೆಯ ಬಾಗದಿರುವ ಗುಣ ಅದರ ಅಗಲದ ಜೊತೆಗೆ ಎತ್ತರದ ಘನವನ್ನೂ ಅವಲಂಬಿಸುತ್ತದೆ ಎಂದು ಅವರು ಕಾಗದದ ಮೇಲೆ ಬರೆದರು. ಎತ್ತರ ಎರಡರಷ್ಟಾದರೆ ಬಿಗಿತ ಎಂಟರಷ್ಟು. ಸ್ಕೇಲ್ 30 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪವಿತ್ತು. ಮನೆಗೆ ಹೋಗಿ ಲೆಕ್ಕ ಹಾಕಿದೆ: ನಿಲ್ಲಿಸಿದಾಗ ನೂರು ಪಟ್ಟು ಬಿಗಿ! ಆ ರಾತ್ರಿ ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಅಳೆದೆ. ಕಟ್ಟಡದ ರೂಪಕ್ಕಿಂತ ಅದು ಹೇಗೆ ನಿಲ್ಲುತ್ತದೆ ಎಂಬುದೇ ನನ್ನನ್ನು ಸೆಳೆಯುತ್ತಿದೆ ಎಂದು ತಿಳಿದದ್ದು ಆಗ.

ಉಳಿದ ರಜೆಯ ದಾರಿ ಇದರಿಂದ ಬದಲಾಯಿತು. ನಾಲ್ಕು ಕಾಲೇಜುಗಳ ಸಿವಿಲ್ ಎಂಜಿನಿಯರಿಂಗ್ ಮೊದಲ ವರ್ಷದ ಪಠ್ಯಕ್ರಮ ತೆಗೆದು ನೋಡಿದೆ. ಎಲ್ಲದರಲ್ಲೂ ಸದಿಶಗಳು, ತ್ರಿಕೋನಮಿತಿ, ಕಲನಶಾಸ್ತ್ರ. ನನ್ನ ತ್ರಿಕೋನಮಿತಿ ದುರ್ಬಲವಾಗಿತ್ತು. ಹಾಗಾಗಿ ಹೊಸ ವಿಷಯಗಳಿಗೆ ಕೈ ಹಾಕದೆ ಅದನ್ನೇ ಮೊದಲಿನಿಂದ ಓದಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿ ಘೋಷಿಸಿದ ಓಪನ್‌ಕೋರ್ಸ್‌ವೇರ್‌ನಲ್ಲಿ ಕಾಲೇಜು ಮಟ್ಟದ ಪಾಠಗಳು, ಲೆಕ್ಕಗಳು ಉಚಿತವಾಗಿ ಸಿಗುತ್ತವೆ. ಭೌತಶಾಸ್ತ್ರದ ಮೊದಲ ಕೆಲವು ಪಾಠಗಳನ್ನು ಅಲ್ಲಿ ನೋಡಿದೆ. ಮೂರನೆಯ ವಾರ ಪಾಠಗಳು ನನ್ನ ಕೈಮೀರಿದವು. ಆಗ ವೇಗ ತಗ್ಗಿಸಿ, ಓದಿದ್ದನ್ನು ಮರುದಿನ, ನಾಲ್ಕನೆಯ ದಿನ, ವಾರದ ನಂತರ ಪುಸ್ತಕ ಮುಚ್ಚಿಟ್ಟು ಬರೆಯತೊಡಗಿದೆ. ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಮರೆವನ್ನು ತನ್ನ ಮೇಲೆಯೇ ಅಳೆದು, ದಿನಗಳ ಅಂತರ ಬಿಟ್ಟು ಮಾಡುವ ಪುನರಾವರ್ತನೆಯ ಲಾಭವನ್ನು ಕಂಡುಕೊಂಡಿದ್ದ. ನನಗೂ ಅದೇ ಕೈಹಿಡಿಯಿತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓದಲಿಲ್ಲ, ಭಾನುವಾರ ಪುಸ್ತಕ ಮುಟ್ಟಲೂ ಇಲ್ಲ.

ಪ್ರತಿದಿನ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಮೂರು ಸಾಲು ಬರೆಯುತ್ತಿದ್ದೆ: ಏನು ನೋಡಿದೆ, ಏನು ಅರ್ಥವಾಗಲಿಲ್ಲ, ಯಾರನ್ನು ಕೇಳಬೇಕು. ಕೆಲವು ತಿಂಗಳ ನಂತರ ಅರ್ಜಿಯ ಪ್ರಬಂಧಕ್ಕೆ ಕುಳಿತಾಗ ಹುಡುಕಬೇಕಾಗಿ ಬರಲಿಲ್ಲ. ನೋಟ್‌ಬುಕ್ ತೆರೆದು, ಸ್ಕೇಲ್ ಬಾಗದ ಆ ಎರಡನೆಯ ದಿನದಿಂದಲೇ ಬರೆಯಲು ಆರಂಭಿಸಿದೆ.