ಕಾಕಂಬಿ ತೊಟ್ಟಿಯಲ್ಲಿ ರೋಡ್ ರನ್ನರ್: ನನ್ನ ಅನುಭವ

ಕಾಕಂಬಿಯಲ್ಲಿ (ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಮೊಲಾಸಿಸ್) ನೆನೆಹಾಕಿ ಕಾರಿನ ತುಕ್ಕು ಬಿಡಿಸುತ್ತೇನೆ ಅಂದಾಗ ಇಲ್ಲಿ ಮಿಷಿಗನ್‌ನ ನಮ್ಮ ಮೋಪಾರ್ ಗುಂಪಿನವರು, ಅಂದ್ರೆ ಕ್ರೈಸ್ಲರ್ ಕಂಪನಿಯ ಹಳೇ ಕಾರುಗಳ ಹುಚ್ಚಿನವರು, ನಕ್ಕಿದ್ದರು. ಅದೆಲ್ಲ ಹಳೆ ಟ್ರಾಕ್ಟರ್ ರಿಪೇರಿ ಮಾಡುವ ರೈತರಿಗೆ ಸರಿ, ಶೋ ಕಾರಿಗಲ್ಲ ಅಂದರು. ಈಗ ಕಾರು ಮುಗಿದಿದೆ. ತೀರ್ಪುಗಾರರು ಅಡಿಗೆ ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು ನೋಡಿಯೂ ಆಗಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರು 1969ರ ಪ್ಲಿಮತ್ ರೋಡ್ ರನ್ನರ್, ಎರಡು ಬಾಗಿಲಿನ ಹಾರ್ಡ್‌ಟಾಪ್. 383 ಘನ ಇಂಚಿನ ಇಂಜಿನ್, ನಾಲ್ಕು ಗೇರ್, ಕಂಪನಿ ಬಿ5 ಅಂತ ಕರೆದ ನೀಲಿ ಬಣ್ಣ. ವಿನ್, ಅಂದ್ರೆ ಕಾರಿನ ಗುರುತಿನ ನಂಬರ್, ಆರ್‌ಎಂ23ಎಚ್9ಎ ಅಂತ ಶುರುವಾಗುತ್ತದೆ. ಆ ಕೊನೆಯ ಎ ಅಂದ್ರೆ ಡೆಟ್ರಾಯಿಟ್‌ನ ಲಿಂಚ್ ರೋಡ್ ಕಾರ್ಖಾನೆ, ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಹೊಸದಾಗಿದ್ದಾಗ ಇದರ ಬೆಲೆ ಮೂರು ಸಾವಿರ ಡಾಲರ್ ಆಸುಪಾಸು. ನಾನು ಕೊಟ್ಟಿದ್ದು ಹತ್ತಿರ ಹತ್ತಿರ 17 ಸಾವಿರ, ಅದೂ ಓಡದ ಕಾರಿಗೆ. ಡಿಕ್ಕಿ ತೆರೆದರೆ ಕೆಳಗಿನ ಹುಲ್ಲು ಕಾಣುತ್ತಿತ್ತು. ಜಾಸ್ತಿ ಕೊಟ್ಟೆ ಅಂತ ಎಲ್ಲರೂ ಹೇಳಿದರು. ಆದರೆ ಇಂಜಿನ್ ಬ್ಲಾಕ್ ಮೇಲೆ 383ಕ್ಕೇ ಸೇರಿದ ಎರಕದ ನಂಬರ್ 2468130 ಇತ್ತು. ಹೆಡ್ ಎರಡರ ಮೇಲೂ ಆ ಕಾಲದ್ದೇ ನಂಬರ್ 906. ಆಯಿಲ್ ಪ್ಯಾನ್ ಪಕ್ಕದ ಪ್ಯಾಡ್ ಮೇಲಿನ ನಂಬರ್ ವಿನ್‌ಗೆ ಸರಿಯಾಗಿ ಹೊಂದುತ್ತಿತ್ತು. ಕಾರಿನ ಬಣ್ಣ, ಆಪ್ಷನ್‌ಗಳ ಕೋಡ್ ಒತ್ತಿದ ಸಣ್ಣ ತಗಡು, ಫೆಂಡರ್ ಟ್ಯಾಗ್, ತನ್ನ ಜಾಗದಲ್ಲೇ ಇತ್ತು. ಹಿಂದಿನ ಸೀಟಿನ ಸ್ಪ್ರಿಂಗ್ ನಡುವೆ ಇಲಿ ತಿಂದು ಬಿಟ್ಟ ಅರ್ಧ ಬ್ರಾಡ್‌ಕಾಸ್ಟ್ ಶೀಟ್ (ಕಾರ್ಖಾನೆಯಲ್ಲಿ ಕಾರಿಗೆ ಏನೇನು ಹಾಕಬೇಕು ಅನ್ನುವ ಪಟ್ಟಿ) ಕೂಡ ಸಿಕ್ಕಿತು. 1969ರಲ್ಲಿ ಈ ಮಾಡೆಲ್ 80 ಸಾವಿರಕ್ಕೂ ಹೆಚ್ಚು ಬಂದಿವೆ ನಿಜ. ಆದರೆ ಇಷ್ಟೆಲ್ಲ ಜೊತೆಗಿರುವುದು ಎಷ್ಟು ಉಳಿದಿವೆ ಹೇಳಿ?

ಇಂಥ ಕಾರನ್ನು ಫಳಫಳ ಹೊಳೆಸುವುದು ಕಷ್ಟವಲ್ಲ, ದುಡ್ಡಿದ್ದರೆ ಸಾಕು. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಮಾಡುವುದು ಕಷ್ಟ. ಡ್ರೈವ್‌ಶಾಫ್ಟ್, ಸ್ಪಿಂಡಲ್, ಲೀಫ್ ಸ್ಪ್ರಿಂಗ್ ಇವಕ್ಕೆಲ್ಲ ಆಗ ಬಣ್ಣವೇ ಇರಲಿಲ್ಲ. ಬರೀ ಉಕ್ಕು, ಅದರ ಮೇಲೆ ಗುರುತಿಗೆ ಒಂದೆರಡು ಬಣ್ಣದ ಪಟ್ಟಿ. ಬ್ಲಾಸ್ಟ್ ಮಾಡಿಸಿದರೆ, ಅಂದ್ರೆ ಒತ್ತಡದಿಂದ ಮರಳು ಹೊಡೆಸಿದರೆ, ತುಕ್ಕಿನ ಜೊತೆ ಆ ಉಕ್ಕಿನ ಮೈಯೂ ಹೋಗುತ್ತದೆ. ಫೋರ್ಜ್ ಮಾಡಿದ್ದು, ಪ್ರೆಸ್ ಮಾಡಿದ್ದು, ಎಳೆದ ಪೈಪು ಎಲ್ಲವೂ ಒಂದೇ ಥರ ಮಂಕು ಬೂದಿ ಬಣ್ಣಕ್ಕೆ ಬರುತ್ತವೆ. ಬೋಲ್ಟ್ ತಲೆಯ ಮೇಲಿನ ಗುರುತುಗಳು ಅಳಿಸುತ್ತವೆ. ಕಣ್ಣು ಪಳಗಿದವರಿಗೆ ಹತ್ತಡಿ ದೂರದಿಂದಲೇ ಗೊತ್ತಾಗುತ್ತದೆ.

ಮೊದಲು ನಾನೂ ಬ್ಲಾಸ್ಟಿಂಗ್‌ಗೇ ಹೋಗಿದ್ದೆ. ಹೆಸರು ಬೇಡ, ಸುತ್ತಮುತ್ತ ಒಳ್ಳೆ ಮಾತಿದ್ದ ಅಂಗಡಿ. ಹುಡ್ (ಬಾನೆಟ್) ಮತ್ತು ಎಡಗಡೆ ಫೆಂಡರ್ (ಮುಂಚಕ್ರದ ಮೇಲಿನ ತಗಡು) ಕೊಟ್ಟೆ. ಹುಡ್ ವಾಪಸ್ ಬಂದಾಗ ಒಣಗಿದ ಹಪ್ಪಳದ ಹಾಗೆ ಸೊಟ್ಟಗಿತ್ತು. ದಪ್ಪ ಮರಳು, ಜಾಸ್ತಿ ಒತ್ತಡ, ಒಂದೇ ಕಡೆ ನಿಂತು ಹೊಡೆದಿದ್ದರು. ಸುಮಾರು 600 ಡಾಲರ್ ಬಿಲ್ಲು. ಕೇಳಿದರೆ, ತಗಡು ಮೊದಲೇ ಹಾಗಿತ್ತು ಅಂದರು. ಈಗ ಹೊಸದಾಗಿ ಮಾಡುವ ನಕಲು ಹುಡ್ ಹಾಕುವ ಮನಸ್ಸಿರಲಿಲ್ಲ. ಜುಲೈನಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಕಾರು ಜಾತ್ರೆಗೆ ಹೋಗಿ, ಬಿಸಿಲಲ್ಲಿ ಅಲೆದು, ಚೌಕಾಸಿ ಮಾಡಿ ಒರಿಜಿನಲ್ ಹುಡ್ ತಂದೆ. 800 ಕೊಟ್ಟ ನೆನಪು. ಅದಕ್ಕೂ ತುಕ್ಕು, ಆದರೆ ನೇರವಾಗಿತ್ತು.

ಆಮೇಲೆ ಎಲೆಕ್ಟ್ರೋಲಿಸಿಸ್, ಅಂದ್ರೆ ನೀರಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ತುಕ್ಕು ಬಿಡಿಸುವುದು, ಮಾಡಿದೆ. ಹುಡ್ ಹಿಂಜ್, ಬ್ರಾಕೆಟ್‌ನಂಥ ಸಣ್ಣಪುಟ್ಟದಕ್ಕೆ ಬಹಳ ಚೆನ್ನಾಗಿದೆ. ಆದರೆ ಕರೆಂಟ್ ಕೊಡುವ ಇನ್ನೊಂದು ಲೋಹದ ತುಂಡಿನ (ಆನೋಡ್) ಎದುರಿಗಿರುವ ಮುಖ ಮಾತ್ರ ಸ್ವಚ್ಛವಾಗುತ್ತದೆ. ಹುಡ್ಡಿನ ಒಳಮಡಿಕೆಗೆ ಅದು ತಲುಪುವುದೇ ಇಲ್ಲ. ಡಬ್ಬದಲ್ಲಿ ಬರುವ ತುಕ್ಕು ಬಿಡಿಸುವ ದ್ರವವೂ ಒಳ್ಳೆಯದೇ. ಆದರೆ ಐದು ಗ್ಯಾಲನ್‌ಗೆ ನೂರು ಡಾಲರ್. ನನಗೆ ಬೇಕಿದ್ದುದು 200 ಗ್ಯಾಲನ್. ಲೆಕ್ಕ ನೀವೇ ಹಾಕಿಕೊಳ್ಳಿ.

ಮಂಡ್ಯ ಕಡೆಯವನಿಗೆ ಕಾಕಂಬಿ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಶುಗರ್ ಕಾರ್ಖಾನೆಯ ಆ ವಾಸನೆಯಲ್ಲೇ ಬೆಳೆದವನು ನಾನು. ಇಲ್ಲಿ ಅದು ದನದ ಮೇವಿನ ಅಂಗಡಿಯಲ್ಲಿ ಸಿಗುತ್ತದೆ, ನಾನು ತಂದಾಗ ಐದು ಗ್ಯಾಲನ್ ಬಕೆಟ್‌ಗೆ 30 ಡಾಲರ್ ಒಳಗೆ ಇತ್ತು. ಪುಡಿಯದ್ದು ಬೇಡ, ದ್ರವವೇ ಬೇಕು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಸಣ್ಣ ಪಾರ್ಟ್‌ಗಳಿಗೆ 275 ಗ್ಯಾಲನ್‌ನ ಹಳೆ ಪ್ಲಾಸ್ಟಿಕ್ ಟ್ಯಾಂಕಿನ ತಲೆ ಕೊಯ್ದು ಇಟ್ಟುಕೊಂಡೆ. ಹುಡ್, ಫೆಂಡರ್, ಬಾಗಿಲು ಅದರಲ್ಲಿ ಹಿಡಿಸುವುದಿಲ್ಲ. ಅವಕ್ಕೆ ಮರದ ಹಲಗೆ ನಿಲ್ಲಿಸಿ, ಒಳಗೆ ಕೊಳಕ್ಕೆ ಹಾಸುವ ರಬ್ಬರ್ ಹಾಳೆ ಹಾಸಿ ತೊಟ್ಟಿ ಮಾಡಿದೆ. ಕಾಕಂಬಿಯೂ ಸೇರಿ ಎಲ್ಲದಕ್ಕೂ 350 ದಾಟಿರಲಿಕ್ಕಿಲ್ಲ.

ಗ್ರೀಸ್ ಮೊದಲು ಹೋಗಬೇಕು. ಒಂದು ಬೆರಳಿನಷ್ಟು ಗ್ರೀಸ್ ಉಳಿದರೂ ಅದರಡಿ ತುಕ್ಕು ಹಾಗೇ ಕೂತಿರುತ್ತದೆ. ಆದರೆ ಕೆರೆಯುವ ಮುಂಚೆ ಫೋಟೋ ತೆಗೆಯಿರಿ. ಡ್ರೈವ್‌ಶಾಫ್ಟ್ ಮೇಲಿನ ಬಣ್ಣದ ಪಟ್ಟಿಗಳು ನನಗೆ ಸಿಕ್ಕಿದ್ದು ಅದೇ ಗ್ರೀಸ್ ಅಡಿಯಲ್ಲಿ. ಬೇಸಿಗೆಯಲ್ಲಿ ತೆಳು ತಗಡಿಗೆ ಎರಡು ವಾರ, ದಪ್ಪದ್ದಕ್ಕೆ ಮೂರು ನಾಲ್ಕು. ವಾರಕ್ಕೊಮ್ಮೆ ಎತ್ತಿ ಪ್ರೆಷರ್ ವಾಷರ್ ಹೊಡೆದು, ತಿರುಗಿಸಿ ಮತ್ತೆ ಮುಳುಗಿಸಬೇಕು. ಮೇಲೆ ಬೂಷ್ಟು ಕಟ್ಟುತ್ತದೆ, ಕಟ್ಟಲಿ ಬಿಡಿ. ಅಡಿಯಲ್ಲಿ ಕೆಲಸ ನಡೆಯುತ್ತಿರುತ್ತದೆ.

ಹುಡ್ ಮೊದಲ ಸಲ ಮೇಲೆ ಬಂದಾಗ ಒಳಮಡಿಕೆಯವರೆಗೂ ಶುದ್ಧ ಬೂದು ಉಕ್ಕು. ಒಂದು ಅಲೆ ಇಲ್ಲ, ಸೊಟ್ಟ ಇಲ್ಲ.

ಆಮೇಲೆ ಚಳಿ ಬಂತು. ಅಕ್ಟೋಬರ್‌ನಲ್ಲಿ ಕೆ-ಮೆಂಬರ್ (ಇಂಜಿನ್ ಹೊರುವ ಅಡ್ಡ ಚೌಕಟ್ಟು) ಇಳಿಸಿದ್ದೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಎತ್ತಿ ನೋಡಿದರೆ ಇಳಿಸಿದ ಹಾಗೇ ಇದೆ. ಗುಂಪಿನವರಿಗೆ ಹಬ್ಬವೋ ಹಬ್ಬ. ದನಕ್ಕೆ ನೀರಿಡುವ ತೊಟ್ಟಿಗೆ ಹಾಕುವ ಹೀಟರ್ ತಂದು ಬಿಟ್ಟೆ. ಅದು ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಹುದುಗು ಹಿಡಿಯುವಷ್ಟು ಬಿಸಿ ಬರುವುದಿಲ್ಲ. ಕರೆಂಟ್ ಬಿಲ್ಲು ಮಾತ್ರ ಆ ತಿಂಗಳು 90 ಡಾಲರ್ ಜಾಸ್ತಿ ಬಂತು. ಚಳಿಗಾಲದಲ್ಲಿ ಕಾಕಂಬಿ ಕೆಲಸ ಮಾಡುವುದಿಲ್ಲ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಜೂನ್‌ನಲ್ಲಿ ಹೊಸ ಕಾಕಂಬಿ ಹಾಕಿ ಅದೇ ಕೆ-ಮೆಂಬರ್ ಇಳಿಸಿದೆ. ತಿಂಗಳೊಳಗೆ ವೆಲ್ಡಿಂಗ್ ಗೆರೆಗಳೆಲ್ಲ ಎದ್ದು ಬಂದವು.

ವಾಸನೆ ವಿಷಯ ಮುಚ್ಚಿಡುವುದಿಲ್ಲ. ಜುಲೈ ಬಿಸಿಲಿಗೆ ಹುಳಿಯಾಗಿ ನಾರುತ್ತದೆ. "ರೀ, ಇದೇನು ಗ್ಯಾರೇಜಾ, ಆಲೆಮನೆನಾ, ಸಾರಾಯಿ ಅಂಗಡಿನಾ?" ಅಂದಳು ನಮ್ಮವಳು. ಕಣಜದ ಹುಳ, ರಾತ್ರಿ ಹೊತ್ತು ರಕೂನ್. ಮುಚ್ಚಳ ಭದ್ರವಾಗಿರಲಿ.

ಕೆಲವು ವಸ್ತು ಅದರೊಳಗೆ ಹೋಗಲೇಬಾರದು. ಅಲ್ಯೂಮಿನಿಯಂ ಕರಗುತ್ತದೆ. ಸತುವಿನ ಎರಕವೂ ಅಷ್ಟೇ. ಏನಾಗುತ್ತೆ ನೋಡೋಣ ಅಂತ ಗುಂಡಿಬಿದ್ದ ಹಳೇ ಎಂಬ್ಲೆಮ್ ಒಂದನ್ನು ಬೇಕಂತಲೇ ಹಾಕಿದೆ, ತೂತುತೂತಾಗಿ ಬಂತು. ಬಾಗಿಲು ಮುಳುಗಿಸುವ ಮುಂಚೆ ಹ್ಯಾಂಡಲ್, ಲಾಕ್ ಎಲ್ಲ ಕಳಚಿ. ಬೀಡು ಕಬ್ಬಿಣಕ್ಕೂ ಹುಷಾರು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕಪ್ಪು ಮೆತ್ತನೆ ಪದರ ಕಟ್ಟಿತು. ತಂತಿ ಬ್ರಷ್ ಹಾಕಿದ ಮೇಲೆ ಸರಿಯಾಯಿತು, ಆದರೂ ಮೆಷಿನ್ ಮಾಡಿದ ಮುಖ ಇರುವ ಯಾವುದನ್ನೂ ನಾನಿನ್ನು ಹಾಕುವುದಿಲ್ಲ. ಟಾರ್ಷನ್ ಬಾರ್ (ಮುಂದೆ ಸ್ಪ್ರಿಂಗ್ ಕೆಲಸ ಮಾಡುವ ಸಲಾಕೆ), ಸ್ಪ್ರಿಂಗ್ ತೊಟ್ಟಿಗೆ ಹಾಕಲೇ ಇಲ್ಲ. ಹುಳಿಯಲ್ಲಿ ನೆಂದ ಗಟ್ಟಿ ಉಕ್ಕಿನ ಮೇಲೆ ಇಡೀ ಕಾರಿನ ಭಾರ ಹೊರಿಸುವ ಧೈರ್ಯ ನನಗಿಲ್ಲ. ಅವನ್ನು ಕೈಯಲ್ಲೇ ಉಜ್ಜಿದೆ.

ಪ್ರಯೋಗ ಅಂದ ಮೇಲೆ ಬೆಲ್ಲವನ್ನೂ ನೋಡಿದೆ. ಇಂಡಿಯನ್ ಅಂಗಡಿಯಿಂದ ಅಚ್ಚು ಬೆಲ್ಲ ತಂದು ಬಕೆಟ್‌ನಲ್ಲಿ ಕರಗಿಸಿ, ಎರಡು ಬಕೆಟ್‌ಗೂ ಒಂದೇ ಥರದ ಬೋಲ್ಟ್ ಹಾಕಿದೆ. ಕಾಕಂಬಿಯದ್ದು ಹತ್ತು ದಿನದಲ್ಲಿ ಬಿಳುಪಾಯಿತು, ಬೆಲ್ಲದ್ದು ತಿಂಗಳಾದರೂ ಅರ್ಧಂಬರ್ಧ. ದುಡ್ಡೂ ಜಾಸ್ತಿ. ಹುಣಸೆಹಣ್ಣು ಮಾತ್ರ ಗೆದ್ದಿತು, ಆದರೆ ಬೇರೆ ಕೆಲಸಕ್ಕೆ. ರೇಡಿಯೇಟರ್‌ನ ಹಿತ್ತಾಳೆ ಟ್ಯಾಂಕ್ ಮೇಲೆ ಪಾರ್ಟ್ ನಂಬರ್, ತಾರೀಖು ಒತ್ತಿರುತ್ತಾರಲ್ಲ, ಅದು ಕಿಲುಬಿನಲ್ಲಿ ಮುಚ್ಚಿಹೋಗಿತ್ತು. ದೇವರ ದೀಪ ತಿಕ್ಕುವ ಹಾಗೆ ತಿಕ್ಕಿದೆ, ಒಂದೊಂದು ಅಂಕಿಯೂ ಎದ್ದಿತು. ಮತ್ತೆ ಕಪ್ಪು ಬಣ್ಣ ಹೊಡೆದೆ. ಕೇಳಿದವರಿಗೆ ತೋರಿಸಲು ಫೋಟೋ ಇದೆ.

ಎಲ್ಲರೂ ಸೋಲುವುದು ತೊಟ್ಟಿಯಿಂದ ತೆಗೆದ ಮೇಲೆ. ಮಡಿಕೆಯೊಳಗೆ ಕಾಕಂಬಿ ಉಳಿದರೆ ಆರು ತಿಂಗಳಿಗೆ ಬಣ್ಣದ ಕೆಳಗಿನಿಂದ ಕಂದು ನೀರು ಇಳಿಯುತ್ತದೆ. ಬಿಸಿನೀರಿನಲ್ಲಿ ಒತ್ತಡದಿಂದ ತೊಳೆದು, ಅಡುಗೆ ಸೋಡಾ ನೀರು ಹಾಯಿಸಿ, ಮತ್ತೆ ತೊಳೆದು, ಲೀಫ್ ಬ್ಲೋವರ್‌ನಲ್ಲಿ ಒಣಗಿಸಿ ಬಿಸಿಲಿಗೆ ನಿಲ್ಲಿಸುತ್ತೇನೆ. ಬರೀ ನೀರಲ್ಲಿ ತೊಳೆದರೆ ಹತ್ತೇ ನಿಮಿಷಕ್ಕೆ ಹೊಸ ತುಕ್ಕು ಹಳದಿಯಾಗಿ ಮೂಡುತ್ತದೆ. ಕೊನೆಯ ತೊಳೆತದ ನೀರಿಗೆ ನಾನು ಏನೋ ಒಂದನ್ನು ಸೇರಿಸುತ್ತೇನೆ, ಅದು ನನಗೇ ಇರಲಿ. ಡ್ರೈವ್‌ಶಾಫ್ಟ್‌ನ ಬರಿಯ ಉಕ್ಕು ಹಾಗೇ ಉಳಿಯಲು ಏನು ಒರೆಸಿದ್ದೇನೆ ಅನ್ನುವುದನ್ನೂ ಹೇಳುವುದಿಲ್ಲ. ಎರಡೂ ಸಾಮಾನ್ಯ ಅಂಗಡಿಯಲ್ಲಿ ಸಿಗುವಂಥದ್ದೇ.

ಉಳಿದ ಕೆಲಸ ನಿಮಗೆ ಗೊತ್ತಿರುವುದೇ. ಡಿಕ್ಕಿ ತಳಕ್ಕೂ ಹಿಂಚಕ್ರದ ಸುತ್ತಲಿನ ಕ್ವಾರ್ಟರ್ ತಗಡಿನ ಕೆಳಭಾಗಕ್ಕೂ ಹೊಸ ತಗಡು, ಇಂಜಿನ್ 30 ಓವರ್ (ಸಿಲಿಂಡರ್ ಇಂಚಿನ ಸಾವಿರದಲ್ಲಿ 30 ಭಾಗ ಅಗಲ ಕೊರೆದದ್ದು), ಮೇಲೆ ಹೆಮಿ ಆರೆಂಜ್ ಬಣ್ಣ. ಹಾರ್ನ್ ನೇರಳೆ ಬಣ್ಣದ್ದೇ ಸಿಕ್ಕಿತು, ಬೀಪ್ ಬೀಪ್ ಅನ್ನುತ್ತದೆ. ರೋಡ್ ರನ್ನರ್ ಅನ್ನುವ ಆ ಕಾರ್ಟೂನ್ ಹಕ್ಕಿಯ ಹೆಸರಿಗೆ ಪ್ಲಿಮತ್‌ನವರು ವಾರ್ನರ್ ಬ್ರದರ್ಸ್‌ಗೆ 50 ಸಾವಿರ ಡಾಲರ್ ಕೊಟ್ಟಿದ್ದರಂತೆ. ನನ್ನ ಬಣ್ಣದ ಖರ್ಚಿಗೆ ಹೋಲಿಸಿದರೆ ಅಗ್ಗವೇ ಬಿಡಿ. ಬಣ್ಣ ಒಂದಕ್ಕೇ 11 ಸಾವಿರ ಹೋಯಿತು. ಕಾರಿನ ಬೆಲೆಯೂ ಸೇರಿ ಒಟ್ಟು 55ರಿಂದ 60 ಸಾವಿರ. ರಸೀದಿ ಇರುವ ಡಬ್ಬ ತೆರೆಯುವ ಮನಸ್ಸಿಲ್ಲ.

ಕಳೆದ ಬೇಸಿಗೆ ಒಂದು ಮೋಪಾರ್ ಶೋನಲ್ಲಿ ಒರಿಜಿನಲ್ ವಿಭಾಗಕ್ಕೆ ಹಾಕಿದೆ. ತೀರ್ಪುಗಾರ ಅಡಿಯಲ್ಲಿ ಮಲಗಿ ಬಹಳ ಹೊತ್ತು ನೋಡಿದ. ಎದ್ದು, ಸ್ಪಿಂಡಲ್ ಮತ್ತು ಡ್ರೈವ್‌ಶಾಫ್ಟ್ ಬಳಸದೇ ಇಟ್ಟಿದ್ದ ಹಳೇ ಸ್ಟಾಕಾ ಅಂತ ಕೇಳಿದ. ಅಲ್ಲಪ್ಪ, ದನದ ಮೇವಿನಿಂದ ಬಂದಿದ್ದು ಅಂದೆ. ಅಡಿಭಾಗಕ್ಕೆ ಒಂದು ಅಂಕವೂ ಹೋಗಲಿಲ್ಲ. ಹೋಗಿದ್ದು ಎಲ್ಲಿ ಗೊತ್ತಾ? ಹೋಸ್ ಕ್ಲ್ಯಾಂಪ್ ಎರಡು ತಪ್ಪು ಕಾಲದ್ದು, ಆಮೇಲೆ ಆ 11 ಸಾವಿರದ ಬಣ್ಣ. ತೀರಾ ನುಣುಪಾಗಿದೆಯಂತೆ, ಲಿಂಚ್ ರೋಡ್‌ನಿಂದ ಕಿತ್ತಳೆ ಸಿಪ್ಪೆಯಂಥ ಬಣ್ಣವೇ ಬರುತ್ತಿದ್ದುದು ಅಂತ ನಾಲ್ಕು ಅಂಕ ಕಡಿದರು.

ಹೋಸ್ ಕ್ಲ್ಯಾಂಪ್ ಬದಲಾಯಿಸಿದ್ದೇನೆ. ಬಣ್ಣ ಹಾಗೇ ಇರುತ್ತದೆ. ತೊಟ್ಟಿಯಲ್ಲಿ ಈಗ ಗುಂಪಿನವರೊಬ್ಬರ 1970ರ ಚಾಲೆಂಜರ್ ಬಾಗಿಲು ನೆನೆಯುತ್ತಿದೆ. ಜಾಗಕ್ಕೆ ಬಾಡಿಗೆ ಇಲ್ಲ, ಕಾಕಂಬಿ ಅವರೇ ತರಬೇಕು. ಸೆಪ್ಟೆಂಬರ್ ಕೊನೆಗೆ ತೊಟ್ಟಿ ಖಾಲಿ ಮಾಡುತ್ತೇನೆ, ಅಷ್ಟರೊಳಗೆ ತಂದರೆ ಇನ್ನೊಂದು ಫೆಂಡರ್‌ಗೆ ಜಾಗವಿದೆ.